ನಾಲ್ಕು ದಿನ ನಡೆಯಲು ಒಂದು ಜಾಗ

ಬೇಸಿಗೆ ರಜೆಯಲ್ಲಿ ನಾಲ್ಕು ದಿನ, ಬೆನ್ನ ಮೇಲೆ ಚೀಲ ಹೊತ್ತು, ಕಾಡಿನಲ್ಲಿ ನಡೆಯಬೇಕು ಎಂದು ನಾವು ಮೂವರು ಹೆಂಗಸರು ನಿರ್ಧರಿಸಿದ್ದು ಸಂಕ್ರಾಂತಿ ಕಳೆದ ಮರುವಾರ. ಎಲ್ಲಿ ನಡೆಯಬೇಕು ಎಂಬುದು ನಿರ್ಧಾರವಾಗುವ ಹೊತ್ತಿಗೆ ಮೇ ತಿಂಗಳು ಹತ್ತಿರ ಬಂದಿತ್ತು. ನಡುವಿನ ಆ ಮೂರು ತಿಂಗಳಲ್ಲಿ ನಾನು ತಾಳ್ಮೆಗೆಟ್ಟಷ್ಟು ಸಲ ಇಪ್ಪತ್ತೆರಡು ವರ್ಷದ ಸರ್ಕಾರಿ ನೌಕರಿಯಲ್ಲೂ ತಾಳ್ಮೆಗೆಟ್ಟಿರಲಿಲ್ಲ. ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ನನ್ನೆದುರೇ ಮಚ್ಚು ಹಿಡಿದು ನಿಂತದ್ದನ್ನು ಕಂಡಿದ್ದೇನೆ, ಅವರನ್ನು ಒಪ್ಪಿಸಿ ಸಹಿ ಹಾಕಿಸಿದ್ದೇನೆ. ಈ ಇಬ್ಬರನ್ನು ಒಪ್ಪಿಸಲು ಮಾತ್ರ ನನ್ನಿಂದಾಗಲಿಲ್ಲ.

ನಾನು ಯಳಂದೂರಿನಲ್ಲಿ ಭೂಮಾಪಕಿ. ಮನೆ ಕೊಳ್ಳೇಗಾಲದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅದಕ್ಕೂ ಮುಂಚೆ ಏಳು ವರ್ಷ ಹನೂರಿನಲ್ಲಿದ್ದೆ. ಆ ಭಾಗದಲ್ಲಿ ಎಷ್ಟೋ ಜಮೀನುಗಳ ಒಂದು ಮಗ್ಗುಲು ಕಾಡೇ. ಅಳೆಯುತ್ತ ಅಳೆಯುತ್ತ ಹೋಗಿ ಕೊನೆಯ ಬಾಂದುಕಲ್ಲಿನ ಹತ್ತಿರ ನಿಲ್ಲಬೇಕು. ಅದರಾಚೆಗೆ ನಮ್ಮ ಕೆಲಸವಿಲ್ಲ. ಆ ಜನವರಿಯಲ್ಲಿ ಹನೂರು ಕಡೆ ಕೆಲಸದವರು ಕಡಿಮೆಯೆಂದು ನನ್ನನ್ನು ಹೂಗ್ಯಂ ಹತ್ತಿರದ ಒಂದು ಗಡಿ ಅಳತೆಗೆ ಕಳಿಸಿದ್ದರು. ಕೆಲಸ ಮುಗಿದು ಕಾಗದ ಸುತ್ತುತ್ತಿದ್ದಾಗ ಕಲ್ಲಿನ ಪಕ್ಕದಲ್ಲೇ ಒಂದು ಕಾಲುದಾರಿ ಕಾಡೊಳಕ್ಕೆ ಹೋಗಿದ್ದು ಕಣ್ಣಿಗೆ ಬಿತ್ತು. ಜಮೀನಿನ ಯಜಮಾನರನ್ನು, “ಈ ದಾರಿ ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದೆ.

“ಅದಾ? ಎರಡು ದಿನ ನಡುದ್ರೆ ಒಳೆ ಸಿಕ್ತದೆ ಕಣವ್ವ. ನಮ್ಮಪ್ಪನ ಕಾಲ್ದಲ್ಲಿ ಓಯ್ತಿದ್ರು. ಈಗ ಯಾರು ನಡುದಾರು?” ಎಂದರು.

ನನಗೆ ನಲವತ್ತೇಳು ವರ್ಷ. ಕಾಡಿನ ಅಂಚಿಗೆ ಎಷ್ಟು ಸಲ ಹೋಗಿ ನಿಂತಿದ್ದೇನೋ ಲೆಕ್ಕವಿಲ್ಲ, ಒಳಗೆ ಒಂದು ಫರ್ಲಾಂಗೂ ಹೋಗಿಲ್ಲ. ಎರಡು ದಿನ ನಡೆದರೆ ಹೊಳೆ ಸಿಗುತ್ತದೆ ಎಂಬ ಮಾತು ಹೂಗ್ಯಂನಿಂದ ಕೊಳ್ಳೇಗಾಲದವರೆಗೂ ಬಸ್ಸಿನಲ್ಲಿ ನನ್ನ ಜೊತೆಗೇ ಬಂತು.

ಆ ಭಾನುವಾರ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ನಾನು, ನನ್ನ ನಾದಿನಿ, ನನ್ನ ಗೆಳತಿ. ನಾದಿನಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಮದುವೆ ಬೇಡವೆಂದು ಗಟ್ಟಿಯಾಗಿ ನಿಂತವಳು, ನಮ್ಮ ಮನೆಯ ಮಹಡಿಯಲ್ಲೇ ಇರುತ್ತಾಳೆ. ಗೆಳತಿ ನನ್ನ ಜೊತೆ ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು, ಹೂಗ್ಯಂ ಕಡೆಯವಳು. ಈಗ ಹನೂರು ತಾಲ್ಲೂಕಿನ ಕಾಡಂಚಿನ ಹಳ್ಳಿಗಳಿಗೆ ನರ್ಸು. ತಿಂಗಳಿಗೊಮ್ಮೆ ಕೊಳ್ಳೇಗಾಲಕ್ಕೆ ಬಂದರೆ ನಮ್ಮಲ್ಲಿ ಊಟ ಮಾಡದೆ ಹೋಗುವುದಿಲ್ಲ. ಮಾತು ಕಡಿಮೆ. ಅವಳ ಪಕ್ಕ ಕೂತರೆ ಸುಮ್ಮನಿರುವುದು ನಮಗೂ ಅಭ್ಯಾಸವಾಗುತ್ತದೆ.

ನಾಲ್ಕು ದಿನ ಕಾಡಿನಲ್ಲಿ ನಡೆಯೋಣ ಎಂದೆ. ಇಬ್ಬರೂ ಅಲ್ಲೇ ಒಪ್ಪಿದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

“ನಡೆಯೋದೇ ಆದ್ರೆ ಹಿಮ ಇರೋ ಕಡೆ ನಡೀಬೇಕು ಅತ್ಗೆ,” ಎಂದಳು ನಾದಿನಿ. “ಬಿಸ್ಲಲ್ಲಿ ಬೇಯೋಕೆ ಕೊಳ್ಳೇಗಾಲನೇ ಸಾಕು. ಹಿಮಾಲಯಕ್ಕೆ ಹೋಗೋಣ.” ಅವರೆಕಾಯಿ ಸಿಪ್ಪೆಯ ಕೈಯಲ್ಲೇ ಫೋನು ತೆಗೆದು ಬಿಳಿ ಬೆಟ್ಟದ ಮೇಲೆ ಸಾಲಾಗಿ ನಡೆಯುತ್ತಿರುವ ಜನರ ಚಿತ್ರ ತೋರಿಸಿದಳು. ಅದು ಆ ಕ್ಷಣಕ್ಕೆ ಹೊಳೆದದ್ದಲ್ಲ, ಮೊದಲೇ ಹುಡುಕಿಟ್ಟುಕೊಂಡದ್ದು ಎಂದು ನನಗೆ ಗೊತ್ತಾಯಿತು.

“ಹಿಮಾಲಯ ಯಾಕೆ? ನಮ್ಮ ಕಾಡೇ ಇದೆಯಲ್ಲ. ಬಿಳಿಗಿರಿರಂಗನ ಬೆಟ್ಟದಿಂದ ಹೊರಟು ಮಾದೇಶ್ವರನ ಬೆಟ್ಟದ ಕಡೆ ನಡೆದರೆ ನಾಲ್ಕು ದಿನಕ್ಕೆ ಸರಿಹೋಗುತ್ತೆ,” ಎಂದೆ.

ಇಬ್ಬರೂ ಗೆಳತಿಯ ಮುಖ ನೋಡಿದೆವು. ಅವಳು ಕಾಳು ಬಿಡಿಸುತ್ತಲೇ, “ನಂಗೆ ಎಲ್ಲಿಗಾದ್ರೂ ಸರಿ ಕಣಮ್ಮಿ. ಐದು ದಿನ ರಜ ಸಿಕ್ತದೆ, ಅಷ್ಟೇ,” ಎಂದಳು.

ಎಲ್ಲಿಗಾದರೂ ಸರಿ ಎನ್ನುವವರ ಜೊತೆ ಊರು ತೀರ್ಮಾನ ಮಾಡುವುದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬೇಡ ಎಂದರೆ ವಾದ ಮಾಡಬಹುದು. ಇವಳು ಬೇಡ ಎನ್ನುತ್ತಿರಲಿಲ್ಲ. ಯಾವ ಜಾಗದ ಹೆಸರು ಹೇಳಿದರೂ “ಅಲ್ಲಿಗಾ?” ಎಂದು ಒಂದು ಸಲ ಕೇಳಿ ಸುಮ್ಮನಾಗುತ್ತಿದ್ದಳು. ಆ “ಅಲ್ಲಿಗಾ” ಎಂಬುದಕ್ಕೆ ಹೂಂ ಎಂದು ಅರ್ಥವೋ ಊಹೂಂ ಎಂದೋ ಮೂವತ್ತು ವರ್ಷದ ಸ್ನೇಹದಲ್ಲೂ ನನಗೆ ತಿಳಿಯದು.

ಮುಂದಿನ ವಾರ ರಜೆ ಹಾಕಿ ಅರಣ್ಯದವರ ಕಚೇರಿಯೊಂದಕ್ಕೆ ಹೋದೆ. ಮೂರು ಸಂಜೆ ಕೂತು ನಕಾಶೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ದಾರಿ ಎಳೆದಿದ್ದೆ. ಎಲ್ಲಿ ಹಳ್ಳ ದಾಟಬೇಕು, ಎಲ್ಲಿ ತಂಗಬೇಕು ಎಲ್ಲ ಗುರುತು ಮಾಡಿದ್ದೆ. ಅಧಿಕಾರಿ ಒಳ್ಳೆಯವರು. ಕೂರಿಸಿ, ಟೀ ತರಿಸಿ, ನಕಾಶೆಯನ್ನು ಮೇಜಿನ ಮೇಲೆ ಹರಡಿ, “ಬಹಳ ಚೆನ್ನಾಗಿ ಎಳೆದಿದೀರಿ ಮೇಡಂ,” ಎಂದರು. ಆಮೇಲೆ ಅಷ್ಟೇ ಮೃದುವಾಗಿ, “ಆದ್ರೆ ಆಗಲ್ಲ,” ಎಂದರು.

“ಯಾಕೆ ಸಾರ್?”

“ನೀವು ಕೇಳ್ತಿರೋದು ಬೇಸಿಗೆ ಮೇಡಂ, ಬೆಂಕಿ ಕಾಲ. ಮಳೆ ಬೀಳೋವರೆಗೂ ಒಳಗೆ ಒಬ್ಬರನ್ನೂ ಬಿಡೋ ಹಾಗಿಲ್ಲ.”

“ಮಳೆ ಬಿದ್ದ ಮೇಲೆ?”

“ಮಳೆ ಬಿದ್ದ ಮೇಲೂ ಇದು ಹುಲಿ ಇರೋ ಕಾಡು. ನಡ್ಕೊಂಡು ಹೋಗೋ ಹಾಗಿಲ್ಲ. ಜೀಪಲ್ಲಿ ಕೂತ್ಕೊಂಡು ನೋಡ್ಬೋದು.”

“ಜೀಪಲ್ಲಿ ಕೂರೋಕೆ ನಾನು ಬಂದಿಲ್ಲ ಸಾರ್.”

“ಅದು ಗೊತ್ತಾಯ್ತು,” ಎಂದು ಅವರು ನಕ್ಕರು. ನಿಯಮ ಸರಿಯಾಗಿಯೇ ಇತ್ತು, ಅವರು ಹೇಳಿದ ರೀತಿಯೂ ಸರಿಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ರೇಗಿತು. ಜಗಳವಾಡಲು ಯಾರೂ ಇರಲಿಲ್ಲ. ನಕಾಶೆ ಸುತ್ತಿಕೊಂಡು ಹೊರಗೆ ಬಂದರೆ ಬಾಗಿಲಲ್ಲಿ ಒಬ್ಬ ಗುಮಾಸ್ತರು ಕಾಯುತ್ತಿದ್ದರು. “ಮೇಡಂ, ಸರ್ವೆಯೋರಲ್ವಾ? ಬಂಡಳ್ಳೀಲಿ ನಮ್ದೊಂದು ತೋಟ ಅದೆ. ಪಕ್ಕದೋನು ಬದ ಒತ್ತವ್ನೆ. ಒಂದ್ಗಳಿಗೆ ಬಂದು ನೋಡಕ್ಕಾದದಾ?” ಎಂದರು. ಅರ್ಜಿ ಹಾಕಿ ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಆ ವರ್ಷ ನಾನು ಮಾಡಿದ ಮೊದಲ ಚಾರಣ ಅದೇ, ಸುಮಾರು ಮುಕ್ಕಾಲು ಕಿಲೋಮೀಟರು.

ಸೋಲು ಒಪ್ಪದೆ ಮಲೆನಾಡಿನ ಬೆಟ್ಟಗಳನ್ನು ವಿಚಾರಿಸಿದೆ. ಅಲ್ಲಿನ ದಾರಿಗಳೂ ಬೇಸಿಗೆಗೆ ಮುಚ್ಚಿದ್ದವು. ಗೆಳತಿಗೆ ಫೋನು ಮಾಡಿ, ತಮಿಳುನಾಡಿನ ಕಡೆಯಿರುವ ಅವಳ ಸೋದರಮಾವನನ್ನು ಕೇಳಲು ಹೇಳಿದೆ. ಅವಳು ತಮಿಳಿನಲ್ಲಿ ಮಾತಾಡಿ, ಅರ್ಧ ಗಂಟೆ ಬಿಟ್ಟು ನನಗೆ ಫೋನು ಮಾಡಿ, “ಅಲ್ಲೂ ಅಂಗೇಯಂತೆ. ಕಾಡ್ಗೆ ಯಾರ್ನೂ ಬುಡಾಕಿಲ್ವಂತೆ,” ಎಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ತೊಡಕು ಇಷ್ಟೇ: ನಾದಿನಿಗೆ ಏಪ್ರಿಲ್ ಮೇ ಬಿಟ್ಟರೆ ದಸರಾದವರೆಗೂ ರಜೆಯಿಲ್ಲ. ಏಪ್ರಿಲ್ ಮೇನಲ್ಲಿ ಕಾಡು ತೆರೆಯುವುದಿಲ್ಲ. ಇದನ್ನು ಇವಳಿಗೂ ಬದಲಾಯಿಸಲಾಗದು, ಕಾಡಿಗೂ ಬದಲಾಯಿಸಲಾಗದು. ಹೀಗೆ ನಾನು ತಲೆ ಚಚ್ಚಿಕೊಳ್ಳುತ್ತಿದ್ದರೆ ನನ್ನ ಯಜಮಾನರು ದಿನಾ ರಾತ್ರಿ ಊಟಕ್ಕೆ ಕೂತಾಗ ಒಂದೊಂದು ಸಲಹೆ ಕೊಡುತ್ತಿದ್ದರು. ಅವರು ಸರ್ಕಾರಿ ಬಸ್ಸಿನ ಡ್ರೈವರು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಾದೇಶ್ವರನ ಬೆಟ್ಟಕ್ಕೆ ಓಡಿಸುತ್ತಾರೆ.

“ನೀವು ಸುಮ್ನೆ ತಲೆ ಕೆಡಿಸ್ಕತಿದೀರಿ. ಶಿವರಾತ್ರಿಗೆ ಸಾವಿರಾರು ಜನ ಬೆಟ್ಟಕ್ಕೆ ನಡ್ಕಂಡು ಓಯ್ತಾರೆ. ಅವ್ರ ಜೊತೆ ಓಗಿ. ಚೀಲನೂ ಒತ್ಕಬೋದು.”

“ಅದು ಟಾರು ರೋಡು ಕಣ್ರಿ. ನಾನು ಹೇಳ್ತಿರೋದು ಕಾಡು.”

“ಎರಡು ಕಡೇನೂ ಕಾಡೇ ತಾನೆ? ಸುಸ್ತಾದ್ರೆ ನನ್ನ ಬಸ್ಸು ಇದ್ದೇ ಅದೆ. ಕೈ ಅಡ್ಡ ಆಕಿ, ಅತ್ತುಸ್ಕತೀನಿ.”

ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದರು. ಅದನ್ನೇ ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ನಾದಿನಿಯ ಮುಖದಲ್ಲಿ ಮಾತ್ರ ಗೆಲುವು. ಇಲ್ಲಿನ ಕಾಡುಗಳೆಲ್ಲ ಮುಚ್ಚಿದ ಮೇಲೆ ಉಳಿದದ್ದು ಹಿಮಾಲಯವೇ ತಾನೆ? ಅವಳು ಒಂದು ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಐದು ಕಿಲೋಮೀಟರನ್ನು ಮೂವತ್ತೈದು ನಿಮಿಷದಲ್ಲಿ ಮುಗಿಸಬೇಕು, ದಿನಾ ಮೆಟ್ಟಿಲು ಹತ್ತಬೇಕು, ಡಾಕ್ಟರ ಸರ್ಟಿಫಿಕೇಟು ತರಬೇಕು. ಗೆಳತಿಯ ಐದು ದಿನದ ರಜೆಯಲ್ಲಿ ಹೋಗಿ ಬರುವುದಕ್ಕೇ ಮೂರು ದಿನ ಹಿಡಿಯುತ್ತದೆ ಎಂದು ನಾನು ಹೇಳಿದರೆ, “ಅವ್ರು ಇನ್ನೂ ಮೂರು ದಿನ ಕೇಳ್ಲಿ ಅತ್ಗೆ, ಏನಾಗುತ್ತೆ?” ಎಂದಳು. ಅಷ್ಟೂ ಹಳ್ಳಿಗಳಿಗೆ ಒಬ್ಬಳೇ ನರ್ಸು ಎಂಬುದು ಅವಳ ಪಟ್ಟಿಯಲ್ಲಿರಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಸಂಜೆ ಕಾಲೇಜು ಮೈದಾನದಲ್ಲಿ ಮೂವರೂ ಸೇರಿದೆವು. ನಾದಿನಿ ಹೊಸ ಬೂಟು, ಕೈಯಲ್ಲಿ ಸ್ಟಾಪ್‌ವಾಚು. ಗೆಳತಿ ಬಸ್ಸಿಳಿದು ನೇರ ಬಂದಿದ್ದಳು, ಕಾಲಲ್ಲಿ ಹವಾಯಿ ಚಪ್ಪಲಿ, ಹೆಗಲಲ್ಲಿ ಕೆಲಸದ ಚೀಲ. ನಡೆಯಲು ಶುರುಮಾಡಿದೆವು. ಮೂರನೇ ಸುತ್ತಿಗೆ ನಾನು ಏದುಸಿರು ಬಿಡುತ್ತಿದ್ದೆ. ಐದನೇ ಸುತ್ತಿಗೆ ನಾದಿನಿಯ ಮುಖ ಕೆಂಪಗಾಗಿ ಕುತ್ತಿಗೆಯ ನರ ಎದ್ದಿತ್ತು. ಗೆಳತಿ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಅಂಗಡಿಗೆ ಹೋಗುವವಳ ಹಾಗೆ ನಮ್ಮನ್ನು ಎರಡು ಸಲ ದಾಟಿ ಹೋದಳು. ಅವಳ ಉಸಿರು ಏರಿರಲೇ ಇಲ್ಲ. ಇದನ್ನೂ ನೋಡಿದೆ, ಇವಳಿಗೆ ಇದೆಲ್ಲಿಂದ ಬಂತು ಎಂದು ಕೇಳಲು ತೋಚಲಿಲ್ಲ.

ಮೈದಾನದ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಗೆಳತಿ ಚೀಲದಿಂದ ಬಿಪಿ ಮೆಷಿನ್ನು ತೆಗೆದಳು. ಹತ್ತು ನಿಮಿಷ ಕಾಯಿಸಿ ನಾದಿನಿಯ ತೋಳಿಗೆ ಪಟ್ಟಿ ಸುತ್ತಿದಳು. ನೋಡಿದಳು. ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದಳು.

“ನೂರ ಅರವತ್ತೆಂಟು, ನೂರ ನಾಕು,” ಎಂದಳು.

“ಈಗ ತಾನೆ ಓಡಿದೀನಿ, ಅದಕ್ಕೆ.”

“ಓಡ್ನಿಲ್ಲ ನೀನು, ನಡ್ದೆ. ಕೂತು ಕಾಲ್ಗಂಟೆ ಆಯ್ತು.”

“ಹಾಗಾದ್ರೆ ನಿಮ್ಮ ಮೆಷಿನ್ನೇ ಸರಿಯಿಲ್ಲ.”

ಗೆಳತಿ ಅದೇ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿದಳು. ನನ್ನದು ಸರಿಯಾಗಿತ್ತು. ನಾದಿನಿಗೆ ಅದು ಇನ್ನೂ ಅವಮಾನವಾಯಿತು. ಗೆಳತಿ, “ಇಮಾಲಯ ಆಮೇಲೆ. ನಾಳೀಕೆ ಮೊದ್ಲು ಡಾಕ್ಟ್ರ ತಾವ ಓಗು. ಇಂಗೇ ಬುಟ್ರೆ ಒಂದಿನ ಪಾಠ ಮಾಡ್ತಾ ಮಾಡ್ತಾನೇ ಬಿದ್ದೋಗ್ತೀಯ,” ಎಂದಳು. ನರ್ಸು ದಿನಕ್ಕೆ ಹತ್ತು ಜನಕ್ಕೆ ಹೇಳುವ ದನಿಯಲ್ಲೇ ಹೇಳಿದಳು. ಆದರೆ ನಾದಿನಿಗೆ ಇಪ್ಪತ್ತು ವರ್ಷದಿಂದ ಯಾರೂ ಆ ದನಿಯಲ್ಲಿ ಹೇಳಿರಲಿಲ್ಲ. ಎದ್ದಳು, ಬೂಟಿನ ಧೂಳು ಕೊಡವಿದಳು, ನಮ್ಮಿಬ್ಬರನ್ನೂ ಕಟ್ಟೆಯ ಮೇಲೇ ಬಿಟ್ಟು ಹೊರಟುಹೋದಳು.

ಮಾರನೆಯ ದಿನ ಫ್ರಿಜ್ಜಿನ ಮೇಲಿನ ಪಟ್ಟಿ ಮಾಯವಾಗಿತ್ತು. ಫೋನಿನಲ್ಲಿ ಒಂದು ಸಂದೇಶ ಬಂದಿತ್ತು: “ನಾನು ಬರುವುದಿಲ್ಲ. ನೀವಿಬ್ಬರೂ ಹೋಗಿಬನ್ನಿ.” ಮಹಡಿಯಿಂದ ಹನ್ನೆರಡು ಮೆಟ್ಟಿಲು ಇಳಿದು ಬಂದು ಹೇಳಬಹುದಾದ ಮಾತನ್ನು ಪುಸ್ತಕದ ಕನ್ನಡದಲ್ಲಿ ಬರೆದು ಕಳಿಸಿದ್ದಳು. ಮೂರು ವಾರ ನನ್ನ ಜೊತೆ ಮಾತು ಬಿಟ್ಟಳು. ಅಡಿಗೆಮನೆಗೆ ಬರುವಳು, ತಟ್ಟೆ ತೆಗೆದುಕೊಂಡು ಹೋಗುವಳು. ಯಜಮಾನರು, “ಏನಾಯ್ತು ನಿಮ್ಗೆ? ಇನ್ನೂ ಓರಟೇ ಇಲ್ಲ, ಆಗ್ಲೇ ಜಗಳನಾ?” ಎಂದು ಕೇಳಿದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಸಿಟ್ಟಿನಲ್ಲೇ ನನಗೊಂದು ಉಪಾಯ ಹೊಳೆಯಿತು. ಕಾಡಿನ ಒಳಗೂ ಊರುಗಳಿವೆ. ಆ ಊರಿನವರು ನಡೆದು ಹೋಗಿಬರುವ ದಾರಿಗಳು ನಮ್ಮ ಹಳೆಯ ನಕಾಶೆಗಳಲ್ಲೇ ಇವೆ. ಗೆಳತಿ ಆ ಕಡೆಯವಳು, ಎಲ್ಲ ಊರಿನಲ್ಲೂ ಅವಳನ್ನು ಬಲ್ಲವರಿದ್ದಾರೆ. ನೆಂಟರ ಮನೆಗೆ ಹೋಗುವವರ ಹಾಗೆ ಒಂದು ಊರಿನಿಂದ ಇನ್ನೊಂದಕ್ಕೆ ನಡೆದರೆ ಯಾರು ಬೇಡ ಎಂದಾರು? ಏಪ್ರಿಲಿನ ಒಂದು ಗುರುವಾರ ರಜೆ ಹಾಕಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಅವಳ ಆರೋಗ್ಯ ಉಪಕೇಂದ್ರಕ್ಕೇ ಹೋದೆ.

ಅವಳು ಹೊರಟು ನಿಂತಿದ್ದಳು. ಹೆಗಲಲ್ಲಿ ಲಸಿಕೆಯ ನೀಲಿ ಡಬ್ಬಿ. “ಇವತ್ತು ಇಂಜೆಕ್ಷನ್ ದಿನ ಕಣಮ್ಮಿ. ಕಾಡೊಳಗ್ಲ ಊರಿಗೆ ಓಗ್ಬೇಕು. ಇಲ್ಲೇ ಕೂತಿರು, ಮಧ್ಯಾಹ್ನ ಬತ್ತೀನಿ.”

“ನಾನೂ ಬರ್ತೀನಿ, ದಾರೀಲಿ ಮಾತಾಡೋಣ.”

“ಆ ದಾರೀಲಿ ಮಾತಾಡೋಂಗಿಲ್ಲ,” ಎಂದಳು. ಆದರೂ ನಾನು ಜೊತೆಗೆ ಹೊರಟೆ.

ಜೀಪು ಹೋಗುವ ದಾರಿ ಒಂದು ಹಳ್ಳದ ಹತ್ತಿರ ಮುಗಿಯಿತು. ಅಲ್ಲಿಂದ ಕಾಲುದಾರಿ. ನಾನು ಮೂರು ತಿಂಗಳಿಂದ ಯಾರ್ಯಾರ ಮೇಜಿನ ಮುಂದೋ ಕೂತು ಬೇಡಿಕೊಂಡಿದ್ದೆನೋ, ಅಂಥದೇ ದಾರಿ. ಎಲೆ ಉದುರಿದ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಮುತ್ತುಗ ಕೆಂಪಗೆ ಹೂ ಬಿಟ್ಟಿತ್ತು. ನನಗೆ ಕುಣಿಯುವಷ್ಟು ಸಂತೋಷ. ಅದನ್ನು ಹೇಳಲು ಬಾಯಿ ತೆರೆದರೆ ಗೆಳತಿ ತಿರುಗಿ ನೋಡದೆಯೇ ಕೈ ಎತ್ತಿ ಸುಮ್ಮನಿರಿಸಿದಳು. ಅವಳು ನಡೆಯುತ್ತಿದ್ದ ರೀತಿ ನಾನು ಎಂದೂ ಕಂಡದ್ದಲ್ಲ. ಹತ್ತು ಹೆಜ್ಜೆ ಹಾಕಿ ನಿಲ್ಲುವಳು. ಕತ್ತು ವಾಲಿಸಿ ಕೇಳುವಳು. ಗಾಳಿ ಎಲ್ಲಿಂದ ಬರುತ್ತಿದೆಯೆಂದು ಮುಖ ತಿರುಗಿಸಿ ನೋಡುವಳು. ಮತ್ತೆ ಹತ್ತು ಹೆಜ್ಜೆ.

ಅರ್ಧ ದಾರಿಯಲ್ಲಿ ಅವಳು ಥಟ್ಟನೆ ನನ್ನ ರಟ್ಟೆ ಹಿಡಿದು ಒಂದು ದೊಡ್ಡ ಬಂಡೆಯ ಹಿಂದಕ್ಕೆ ಎಳೆದಳು. ಮೊದಲು ನನಗೇನೂ ಕಾಣಲಿಲ್ಲ. ಆಮೇಲೆ ಮುಂದೆ ತಿರುವಿನಲ್ಲಿ ಬೂದುಬಣ್ಣದ್ದೊಂದು ಅಲುಗಾಡಿತು. ಒಂಟಿ ಆನೆ. ದಾರಿಗೆ ಅಡ್ಡವಾಗಿ ನಿಂತು ಒಂದು ಕೊಂಬೆಯ ತೊಗಟೆ ಸುಲಿಯುತ್ತಿತ್ತು. ನಾವು ಅಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಕೂತೆವು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯ ಜೊತೆಗೇ ಖುಷಿಯಾಗಿತ್ತು. ಇದನ್ನು ನೋಡಲೆಂದೇ ಹುಟ್ಟಿದ್ದೇನೆ ಅನಿಸಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ ಗೆಳತಿ ಲಸಿಕೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದಳು.

ಆನೆ ಹೋದ ಮೇಲೂ ಸ್ವಲ್ಪ ಹೊತ್ತು ಅವಳು ಏಳಲಿಲ್ಲ. ಆಮೇಲೆ ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೆನೋ ಏನೋ.

“ಇದೇನಾ ನಿಂಗೆ ಬೇಕಾಗಿದ್ದು?” ಎಂದಳು ಪಿಸುದನಿಯಲ್ಲಿ. “ನಾಕು ದಿನ ಇದೇನಾ?”

ನಾನು ಆನೆ ಹೋದ ಕಡೆಗೇ ನೋಡಿದೆ.

“ಅದಿನೇಳು ವರ್ಷಾಯ್ತು ನಾನು ಇದ್ರೊಳಗೆ ತಿರುಗ್ತಿರೋದು. ಒಂದ್ಸಲನೂ ಮರ ಅಂತ ಮರ ನೋಡಿಲ್ಲ. ಮರದ ಇಂದೆ ಏನದೆ ಅಂತ ನೋಡ್ತೀನಿ. ಅಲ್ಲಿ ತಾಯಂದ್ರು ಬೆಳಗ್ಗೆ ಅತ್ತು ಗಂಟೆಯಿಂದ ಮಕ್ಕಳನ್ನ ಎತ್ಕಂಡು ಕೂತವ್ರೆ. ಕಾದು ಕಾದು ಎದ್ದೋದ್ರೆ ನಾನು ನಾಳೀಕೆ ಇದೇ ದಾರೀಲಿ ಇನ್ನೊಂದ್ಸಲ ಬರ್ಬೇಕು. ನಿಂಗಿದು ಟೂರು.”

“ಬೇಡ ಅಂತ ಜನವರೀಲೇ ಹೇಳೋಕೇನಾಗಿತ್ತು ನಿಂಗೆ?” ಎಂದೆ. ನಾಚಿಕೆಯಾಗಿತ್ತು; ಬಾಯಿಂದ ಬಂದದ್ದು ಮಾತ್ರ ಸಿಟ್ಟು.

“ನೀನು ಅಷ್ಟೊಂದು ಆಸೆ ಇಟ್ಕಂಡಿದ್ದೆ ಕಣಮ್ಮಿ. ಎಂಗೆ ಏಳ್ಲಿ?”

“ಹಾಗಾದ್ರೆ ನಿಂಗೆಲ್ಲಿಗೆ ಹೋಗ್ಬೇಕು? ಎಲ್ಲಿಗಾದ್ರೂ ಸರಿ ಅನ್ಬೇಡ.”

ಅವಳು ಎದ್ದು ಸೀರೆಗೆ ಹತ್ತಿದ್ದ ಮಣ್ಣು ಕೊಡವಿಕೊಂಡಳು. “ಮರನೇ ಇಲ್ದಿರೋ ಕಡೆ. ಕಣ್ಣು ಓಗೋ ಗಂಟ ಬಯ್ಲಿರ್ಬೇಕು. ಏನಾದ್ರೂ ಬಂದ್ರೆ ಒಂದು ಮೈಲಿ ದೂರದಿಂದ್ಲೇ ಕಾಣ್ಬೇಕು,” ಎಂದು ಹೇಳಿ ಮುಂದೆ ನಡೆದಳು.

ಆ ಊರಿನಲ್ಲಿ ತಾಯಂದಿರು ಎದ್ದು ಹೋಗಿರಲಿಲ್ಲ. ಶಾಲೆಯ ಜಗಲಿಯ ಮೇಲೆ ಕಾದಿದ್ದರು. ಗೆಳತಿ ಮುಖ ತೊಳೆದುಕೊಂಡು, ಏನೂ ಆಗಿಲ್ಲವೆಂಬಂತೆ ಒಂದೊಂದೇ ಮಗುವಿಗೆ ಚುಚ್ಚಿದಳು. ನಾನು ಅವಳು ಹೇಳಿದ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಟ್ಟೆ. ಊರೂರಿಗೆ ನಡೆಯುವ ನನ್ನ ಉಪಾಯವನ್ನು ಅವಳ ಮುಂದೆ ಬಾಯಿಬಿಡಲಿಲ್ಲ.

ಸಂಜೆ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬರುವಾಗ ನನ್ನ ಮೇಲೇ ನನಗೆ ಅಸಹ್ಯವಾಗುತ್ತಿತ್ತು. ಅದರ ಜೊತೆಗೇ ಅವಳ ಮೇಲೆ ಸಿಟ್ಟೂ ಆರಿರಲಿಲ್ಲ. ಮೂರು ತಿಂಗಳು! ನಾನು ಕಚೇರಿ ಸುತ್ತಿದೆ, ನಕಾಶೆ ಬರೆದೆ, ಇವಳ ಸೋದರಮಾವನನ್ನೂ ಬಿಡಲಿಲ್ಲ. ಬೇಡ ಎಂಬ ಎರಡಕ್ಷರ ಇವಳ ಬಾಯಿಂದ ಬರಲು ಆನೆಯೇ ಅಡ್ಡ ನಿಲ್ಲಬೇಕಾಯಿತು.

ಮನೆಗೆ ಬಂದವಳು ನೇರ ಮಹಡಿ ಹತ್ತಿದೆ. ನಾದಿನಿ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕೂತಿದ್ದಳು. ಮೇಜಿನ ಮೇಲೆ ಮಾತ್ರೆಯ ಹಾಳೆ, ಅರ್ಧ ಖಾಲಿ. ನಾನು ಅದನ್ನು ನೋಡಿದ್ದನ್ನು ಅವಳೂ ನೋಡಿದಳು.

“ಯಾವಾಗಿಂದ?” ಎಂದೆ.

“ಆವತ್ತು ಮೈದಾನದಿಂದ ಬಂದ್ನಲ್ಲ, ಸೋಮವಾರನೇ ಹೋದೆ. ಅವ್ರ ಮೆಷಿನ್ ಸರಿಯಾಗೇ ಇತ್ತು.” ಕೆಂಪು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು. “ಈಗ ನೂರಮೂವತ್ತೆರಡಿದೆ. ಹೇಳೋಕೆ ನಾಚಿಕೆ ಆಯ್ತು ಅತ್ಗೆ.”

ಒಬ್ಬಳಿಗೆ ನನ್ನ ಆಸೆಯ ಮೇಲೆ ಕನಿಕರ, ಇನ್ನೊಬ್ಬಳಿಗೆ ನಾಚಿಕೆ. ಇವರ ನಡುವೆ ನಾನು ನಕಾಶೆ ಹಿಡಿದುಕೊಂಡು ಓಡಾಡಿದ್ದೆ. ಅಲ್ಲೇ ಮಂಚದ ಮೇಲೆ ಕುಸಿದು ಕೂತು, ಆನೆಯ ಕಥೆಯನ್ನೂ ಗೆಳತಿ ಹೇಳಿದ್ದನ್ನೂ ಒಂದೂ ಬಿಡದೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಒಂದು ಹಾಳೆ ಎಳೆದುಕೊಂಡಳು.

“ಎತ್ತರ ಇರಬಾರ್ದು, ಅದು ನನ್ನಿಂದ. ಮರ ಇರಬಾರ್ದು, ಅದು ಅವರಿಂದ. ಅರಣ್ಯದವರ ಒಪ್ಪಿಗೆ ಬೇಕಾಗಿರಬಾರ್ದು. ಐದು ದಿನದಲ್ಲಿ ಮುಗೀಬೇಕು. ಬೇಸಿಗೇಲೇ ಆಗಬೇಕು.” ಒಂದೊಂದಕ್ಕೂ ಅಡ್ಡಗೆರೆ ಎಳೆದು ತಲೆ ಎತ್ತಿದಳು. “ಉಳಿಯೋದು ಒಂದೇ. ಸಮುದ್ರ.”

“ಮೇ ತಿಂಗಳಲ್ಲಿ ಸಮುದ್ರದ ದಡದಲ್ಲಾ? ಬೆಂದುಹೋಗ್ತೀವಿ.”

“ಬೆಳಿಗ್ಗೆ ಒಂಬತ್ತರವರೆಗೆ ನಡೆಯೋದು, ಸಾಯಂಕಾಲ ನಾಲ್ಕರ ಮೇಲೆ ನಡೆಯೋದು. ಹೊನ್ನಾವರದಿಂದ ಗೋಕರ್ಣ. ನಾಲ್ಕು ದಿನಕ್ಕೆ ಸರಿಯಾಗುತ್ತೆ.”

“ನಂಗೆ ಕಾಡು ಬೇಕಿತ್ತು,” ಎಂದೆ. ಮೊದಲು ಆಸೆಪಟ್ಟವಳು ನಾನು, ಇಬ್ಬರನ್ನೂ ಸೇರಿಸಿದವಳು ನಾನು. ಕೊನೆಗೆ ಮೂವರಲ್ಲಿ ಬೇಕಾದದ್ದು ಏನೂ ಸಿಗದವಳೂ ನಾನೇ. ನಾದಿನಿ ಹಾಳೆ ನೋಡಿ, “ಅದು ಇದರಲ್ಲಿ ಬರಲ್ಲ ಅತ್ಗೆ,” ಎಂದಳು. ಗೆಳತಿಗೆ ಫೋನು ಮಾಡಿ ಸಮುದ್ರ ಎಂದೆ. ಅವಳು “ಅಲ್ಲಿಗಾ?” ಎನ್ನಲಿಲ್ಲ. “ನಾನು ನೋಡೇ ಇಲ್ಲ ಕಣಮ್ಮಿ. ಯಾವತ್ತು ಓರಡೋದು?” ಎಂದಳು.

ಮೇ ಎರಡನೇ ವಾರ ಹೊರಟೆವು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಯಜಮಾನರು ನಮ್ಮ ಚೀಲಗಳನ್ನು ಮೈಸೂರಿನ ಬಸ್ಸಿಗೆ ಎತ್ತಿಹಾಕುತ್ತ, “ಸಮುದ್ರ ನೋಡೋಕೆ ಚೀಲ ಒತ್ಕಂಡು ಯಾಕೆ ನಡೀಬೇಕು? ಗೋಕರ್ಣಕ್ಕೇ ಬಸ್ಸವೆಯಲ್ಲ,” ಎಂದರು. ಮೂವರಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಾವು ಮೂವರೂ ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು.

ಹೊನ್ನಾವರ ದಾಟಿ ದಡಕ್ಕೆ ಇಳಿದಾಗ ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ಒಂದು ಕಡೆ ನೀರು, ಒಂದು ಕಡೆ ಗಾಳಿಮರದ ಸಾಲು, ಮುಂದೆ ಕಣ್ಣಿಗೆ ಕಾಣುವಷ್ಟೂ ಮರಳು. ಗೆಳತಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಳು. ಅವಳು ಏನಾದರೂ ಹೇಳುತ್ತಾಳೆಂದು ಕಾದೆವು. “ಇಷ್ಟು ಸದ್ದು ಮಾಡ್ತದಾ ಇದು?” ಎಂದು ಮಾತ್ರ ಕೇಳಿದಳು.

ನಡೆಯಲು ಶುರುಮಾಡಿದ ಮೇಲೆ ಅವಳು ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದಳು. ಹತ್ತು ಹೆಜ್ಜೆ, ಒಂದು ನೋಟ. ಅಲೆಯ ಸದ್ದಿನಲ್ಲಿ ಹಿಂದಿನಿಂದ ಏನು ಬಂದರೂ ಅವಳಿಗೆ ಕೇಳುವಂತಿರಲಿಲ್ಲ. ಅದೇ ಅವಳನ್ನು ಕಾಡುತ್ತಿತ್ತು. ಹಾಗೆ ಅರ್ಧ ಗಂಟೆ ನಡೆದಿರಬೇಕು. ಆಮೇಲೆ ತಿರುಗುವುದು ಕಡಿಮೆಯಾಯಿತು. ಒಂದು ಹೊತ್ತಿನಲ್ಲಿ ಅವಳು ಪೂರ್ತಿ ತಿರುಗಿ ನಿಂತು, ನಾವು ನಡೆದು ಬಂದ ಖಾಲಿ ದಡವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು. ಯಾರೂ ಇರಲಿಲ್ಲ. ಮತ್ತೆ ಅವಳು ಹಿಂದೆ ನೋಡಿದ್ದನ್ನು ನಾನು ಕಾಣಲಿಲ್ಲ.

ಹಾಗೆಂದು ಸುಖವಾಗಿತ್ತು ಎಂದು ಹೇಳಲಾರೆ. ಕುಮಟೆಯ ಹತ್ತಿರ ಬಂಡೆಗಳನ್ನು ಹತ್ತಿ ಇಳಿಯುವಾಗ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ನಾದಿನಿ ಹಟ ಮಾಡಿ ತಂದ ಡೇರೆಯನ್ನು ಹೊರುವ ಸರದಿ ಹೇಗೋ ದಿನಾ ನನಗೇ ಬೀಳುತ್ತಿತ್ತು, ಒಂದು ದಿನವೂ ಅದನ್ನು ಬಿಚ್ಚಲಿಲ್ಲ. ಮೀನುಗಾರರ ಮನೆಗಳವರು ಅಂಗಳದಲ್ಲಿ ಚಾಪೆ ಹಾಸಿಕೊಟ್ಟರು. ಬೆವರು, ಉಪ್ಪು, ಮರಳು ಮೂರೂ ಸೇರಿ ಮೈ ಉಪ್ಪುಕಾಗದದ ಹಾಗಾಯಿತು. ಗಡಿಯಾರ ನೋಡಿ ಒಂಬತ್ತಾಯಿತೆಂದು ನಾದಿನಿ ಎಲ್ಲಿದ್ದರೆ ಅಲ್ಲೇ ಕೂತುಬಿಡುತ್ತಿದ್ದಳು, ನೆರಳು ಇನ್ನೂರು ಹೆಜ್ಜೆ ಮುಂದಿದ್ದರೂ ಸರಿ.

ಎಲ್ಲಕ್ಕಿಂತ ಹೆಚ್ಚಾಗಿ, ಎರಡನೆಯ ದಿನದಿಂದ ಗೆಳತಿ ಮಾತಾಡಲು ಶುರುಮಾಡಿದಳು. ಮೂವತ್ತು ವರ್ಷದಲ್ಲಿ ಆಡದ ಮಾತುಗಳನ್ನೆಲ್ಲ ಉಳಿದ ಮೂರು ದಿನದಲ್ಲಿ ಆಡಿ ಮುಗಿಸಬೇಕು ಎಂಬಂತೆ. ಹಾಸ್ಟೆಲಿನ ಸಾರು, ಮೊದಲ ಹೆರಿಗೆ ಮಾಡಿಸಿದ್ದು, ಅವಳ ಸೋದರಮಾವನ ಎರಡನೇ ಮದುವೆ, ನನ್ನ ಮದುವೆಯಲ್ಲಿ ನಾನು ಉಟ್ಟಿದ್ದ ಸೀರೆ ಅವಳಿಗೆ ಇಷ್ಟವಾಗದಿದ್ದದ್ದು. ಅಲೆಯ ಸದ್ದಿಗೆ ಸರಿಯಾಗಿ ಕೂಗಿ ಕೂಗಿ ಹೇಳುತ್ತಿದ್ದಳು. ಅಘನಾಶಿನಿ ದಾಟುವ ದೋಣಿಯಲ್ಲಿ ಅಂಬಿಗನಿಗೂ ಹೇಳಿದಳು. ಅವನು ಇಳಿಸುವಾಗ ನನ್ನನ್ನು ಕನಿಕರದಿಂದ ನೋಡಿದ.

ಕೊನೆಯ ದಿನ ಸಂಜೆ ಗೋಕರ್ಣದ ಹತ್ತಿರದ ಗುಡ್ಡ ಇಳಿಯುತ್ತಿದ್ದೆವು. ಕಾಲು ಸುಡುತ್ತಿತ್ತು, ಡೇರೆ ಹೆಗಲಿಗೆ ಕೊರೆಯುತ್ತಿತ್ತು. ಕೆಳಗೆ ಸೂರ್ಯ ನೀರಿಗೆ ತಾಗುವ ಹೊತ್ತು. ನನಗೆ ಅದನ್ನು ಸುಮ್ಮನೆ ನೋಡಬೇಕಿತ್ತು.

“ಐದು ನಿಮಿಷ ಸುಮ್ನಿರಮ್ಮಿ,” ಎಂದೆ.

“ಯಾಕೆ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ, ಸೋದರಮಾವನ ಕಥೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿ, ನನ್ನ ಹೆಗಲಿನಿಂದ ಡೇರೆಯನ್ನು ಎಳೆದುಕೊಂಡು ತಾನು ಹೊತ್ತು ಮುಂದೆ ನಡೆದಳು.